ಹಿಮ ಬಿದ್ದ ಮೇಲೆ ಅಲ್ಲಿ ಏನಿರುತ್ತದೆ? ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಲ ಅಮೆರಿಕದ ಮಿನೆಸೋಟ ರಾಜ್ಯದ ನೇಚರ್ ಸೆಂಟರ್‌ಗಳ ಬಗ್ಗೆ ನಾಲ್ಕು ಸಾಲು ಬರೆದು, ಚಳಿಗಾಲದ ಕಾರ್ಯಕ್ರಮಗಳ ಬಗ್ಗೆ ಕೇಳುವುದಿದ್ದರೆ ಕೇಳಿ ಅಂದಿದ್ದೆ. ಕೇಳಿದ್ದೀರಿ. ಹೆಚ್ಚಿನ ಪತ್ರಗಳಲ್ಲಿ ಇದ್ದದ್ದು ಒಂದೇ ಅನುಮಾನ: ಆ ಚಳಿಯಲ್ಲಿ ಅಲ್ಲಿ ನೋಡುವುದಕ್ಕೆ ಏನಿದೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ಹಸಿರು ಕಾಣುತ್ತದೆ, ಸೊಳ್ಳೆ ಕಚ್ಚುತ್ತದೆ. ಯಾವ ಪ್ರಾಣಿ ಎಲ್ಲಿ ಮಲಗುತ್ತದೆ, ರಾತ್ರಿ ಯಾವ ದಾರಿಯಲ್ಲಿ ಓಡಾಡಿತು ಅನ್ನುವುದು ಗೊತ್ತಾಗುವುದು ಚಳಿಗಾಲದಲ್ಲೇ.

ಹೊಸಬರಿಗೆ ಒಂದು ಮಾತು. ನೇಚರ್ ಸೆಂಟರ್ ಅಂದರೆ ಮೃಗಾಲಯ ಅಲ್ಲ, ದೊಡ್ಡ ಅಭಯಾರಣ್ಯವೂ ಅಲ್ಲ. ಊರಿನ ಮಧ್ಯೆ ಉಳಿಸಿಕೊಂಡ ಒಂದು ತುಂಡು ಕಾಡು, ಒಂದು ಕೆರೆ ಅಥವಾ ಜೌಗು, ಒಳಗೆ ಬೆಚ್ಚಗಿನ ಒಂದು ಕಟ್ಟಡ, ಹೇಳಿಕೊಡುವುದಕ್ಕೆ ಇಬ್ಬರೋ ಮೂವರೋ ತಿಳಿದವರು. ಕೆಲವನ್ನು ನಗರಸಭೆ ನಡೆಸುತ್ತದೆ, ಕೆಲವನ್ನು ಪಾರ್ಕ್ ಇಲಾಖೆ, ಕೆಲವನ್ನು ದಾನದಿಂದ ನಡೆಯುವ ಸಂಸ್ಥೆಗಳು. ನಾನು ಸಾಗರದ ಕಡೆಯವಳು. ಕೆಲಸದಿಂದ ನಿವೃತ್ತಳಾದ ಮೇಲೆ ಮಿನಿಯಾಪೊಲಿಸ್ ಹತ್ತಿರದ ಇಂಥ ಒಂದು ಕಡೆ ಸ್ವಯಂಸೇವಕಿ.

ಪ್ರಶ್ನೆ: ಮಗನ ಮನೆಗೆ ಬಂದಿದ್ದೇನೆ, ಮಾರ್ಚ್‌ವರೆಗೂ ಇಲ್ಲೇ. ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಸೊಸೆ ನೇಚರ್ ಸೆಂಟರಿಗೆ ಹೋಗಿ ಬನ್ನಿ ಅನ್ನುತ್ತಾಳೆ. ಎಲೆಯೇ ಇಲ್ಲದ ಮರ ನೋಡಲು ಹೋಗಬೇಕಾ? ಇಂಗ್ಲಿಷೂ ಅಷ್ಟಕ್ಕಷ್ಟೇ.
– ಹಾಸನದ ಒಬ್ಬ ತಾಯಿ, ಈಗ ಸೇಂಟ್ ಪಾಲ್ ಹತ್ತಿರ

ಮೊದಲ ದಿನ ಹೊರಗೆ ಕಾಲಿಡುವುದೇ ಬೇಡ. ಒಳಗೆ ದೊಡ್ಡ ಗಾಜಿನ ಕಿಟಕಿ ಇರುತ್ತದೆ, ಆಚೆ ಹಕ್ಕಿಗಳಿಗೆ ಕಾಳು ಹಾಕುವ ಫೀಡರ್‌ಗಳು ತೂಗುತ್ತಿರುತ್ತವೆ. ಕುರ್ಚಿ ಎಳೆದುಕೊಂಡು ಕೂರಿ. ಟೀ ಫ್ಲಾಸ್ಕ್ ತಂದರೆ ಯಾರೂ ಬೇಡ ಅನ್ನುವುದಿಲ್ಲ, ಆದರೂ ಒಂದು ಮಾತು ಕೇಳಿಬಿಡಿ.

ಅರ್ಧ ಗಂಟೆ ಕೂತರೆ ಚಿಕಡೀ ಎಂಬ ಪುಟ್ಟ ಹಕ್ಕಿ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕರಿ ಟೋಪಿ, ಕರಿ ಗಡ್ಡ, ಬಿಳಿ ಕೆನ್ನೆ. ತೂಕ 11-12 ಗ್ರಾಂ ಅಷ್ಟೇ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಅದು ದಕ್ಷಿಣಕ್ಕೆ ಹೋಗುವುದಿಲ್ಲ. ಹಗಲೆಲ್ಲ ತಿಂದು ಕೊಬ್ಬು ಮಾಡಿಕೊಂಡು ರಾತ್ರಿ ಅದನ್ನೇ ಸುಡುತ್ತದೆ. ಅದೂ ಸಾಲದು ಅಂತ ರಾತ್ರಿ ಮೈಯ ಶಾಖವನ್ನೇ ಹತ್ತು ಡಿಗ್ರಿಯಷ್ಟು ಇಳಿಸಿಕೊಳ್ಳುತ್ತದೆ. ಒಂದು ಕಾಳು ತೆಗೆದುಕೊಂಡು ಹಾರಿಹೋಗುವುದನ್ನು ನೋಡುತ್ತೀರಲ್ಲ, ಎಲ್ಲವನ್ನೂ ತಿನ್ನುವುದಕ್ಕಲ್ಲ. ಎಷ್ಟೋ ಕಾಳುಗಳನ್ನು ತೊಗಟೆಯ ಸಂದಿನಲ್ಲಿ, ಒಂದೊಂದನ್ನು ಒಂದೊಂದು ಕಡೆ, ಬಚ್ಚಿಡುತ್ತದೆ. ಎಲ್ಲಿ ಇಟ್ಟೆ ಅನ್ನುವುದು ವಾರಗಟ್ಟಲೆ ನೆನಪಿರುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವ ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ಭಾಷೆಯ ಚಿಂತೆ ಬಿಡಿ. ಹಕ್ಕಿ ಕಂಡಾಗ ಎಲ್ಲರೂ ಮಾಡುವುದು ಬೆರಳು ತೋರಿಸುವುದೇ. ನಿಮ್ಮ ಪಕ್ಕ ಕೂರುವವರು ಬಹಳ ಸಲ ನಿಮ್ಮ ವಯಸ್ಸಿನ ಅಜ್ಜಿಯರೇ ಆಗಿರುತ್ತಾರೆ. ಅವರೇ ಪುಸ್ತಕ ತೆಗೆದು ಚಿತ್ರ ತೋರಿಸುತ್ತಾರೆ.

ನೀವಿರುವ ಕಡೆಗೆ ವೆಸ್ಟ್ ಸೇಂಟ್ ಪಾಲ್‌ನ ಡಾಜ್ ನೇಚರ್ ಸೆಂಟರ್ ಹತ್ತಿರ. ಅಲ್ಲಿ ಸಾಕುಪ್ರಾಣಿಗಳ ಒಂದು ಸಣ್ಣ ಫಾರ್ಮ್ ಕೂಡ ಇದೆ, ಕೊಟ್ಟಿಗೆ ನೆನಪಾಗಿ ಬೇಜಾರಾದರೆ ಅದು ಒಳ್ಳೆಯದು. ಡಿಸೆಂಬರ್ 21ರ ಆಸುಪಾಸು ಹಲವು ಸೆಂಟರ್‌ಗಳಲ್ಲಿ ದೀಪದ ನಡಿಗೆ ಇಡುತ್ತಾರೆ. ಆಗ ಇಲ್ಲಿ ಹಗಲು ಸುಮಾರು 8 ಗಂಟೆ 45 ನಿಮಿಷ ಮಾತ್ರ. ದಾರಿಯುದ್ದಕ್ಕೂ ದೀಪ ಇಟ್ಟಿರುತ್ತಾರೆ, ಕೊನೆಗೆ ಬೆಂಕಿ ಹಾಕಿ ಎಲ್ಲರೂ ಸುತ್ತ ನಿಲ್ಲುತ್ತಾರೆ. ಮಗ ಸೊಸೆಯನ್ನೂ ಎಳೆದುಕೊಂಡು ಹೋಗಿ.

ಪ್ರಶ್ನೆ: ಸೀರೆ ಉಟ್ಟು ಸ್ನೋಶೂ ಹಾಕಿಕೊಳ್ಳಬಹುದಾ? ನಗಬೇಡಿ.
– ತುಮಕೂರಿನವರು, ಹೆಸರು ಬೇಡ ಎಂದಿದ್ದಾರೆ

ನಗಲಿಲ್ಲ. ಆದರೆ ಬೇಡ. ಸ್ನೋಶೂ ಅಂದರೆ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲವಾದ ಹಲಗೆಯಂಥದ್ದು. ನಿಮ್ಮ ಭಾರ ಹರಡುವುದರಿಂದ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ಕೆಳಗೆ ಹಲ್ಲುಗಳಿರುತ್ತವೆ, ಸೀರೆಯ ಅಂಚು ಅದಕ್ಕೆ ಸಿಕ್ಕಿದರೆ ನೀವು ಹಿಮದ ಮೇಲೆ ಮುಗ್ಗರಿಸುವುದು ಗ್ಯಾರಂಟಿ. ಒದ್ದೆಯಾದ ಹತ್ತಿ ಬಟ್ಟೆ ಬೇರೆ ಮೈಯ ಶಾಖ ಎಳೆಯುತ್ತದೆ.

ಒಳಗೆ ಥರ್ಮಲ್, ಮೇಲೆ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕಾಲಿಗೆ ಸೊಸೆಯದ್ದೋ ಮಗಳದ್ದೋ ಸ್ನೋ ಪ್ಯಾಂಟ್. ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ಎಲ್ಲ ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಎರಡೆರಡು ಸಾಕ್ಸ್ ಹಾಕಿ ಬೂಟು ಬಿಗಿ ಮಾಡಿಕೊಳ್ಳಬೇಡಿ, ರಕ್ತ ಓಡಾಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಊರಿಂದ ತಂದ ಮಂಕಿ ಟೋಪಿ ಇದೆಯಾ? ಧೈರ್ಯವಾಗಿ ಹಾಕಿಕೊಳ್ಳಿ. ಇಲ್ಲಿಯವರು ಅದನ್ನೇ ಬೇರೆ ಹೆಸರಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ.

ಸ್ನೋಶೂಗಳನ್ನು ಸೆಂಟರಿನಲ್ಲೇ ಬಾಡಿಗೆಗೆ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಗೇಣಿನಷ್ಟಾದರೂ ಹಿಮ ಇರಬೇಕು, ಇಲ್ಲದಿದ್ದರೆ ಸುಮ್ನೆ ನಡಿಗೆ ಮಾಡಿಸುತ್ತಾರೆ. ಹೊರಡುವ ಮೊದಲು ಫೋನಿನಲ್ಲಿ ವಿಂಡ್‌ಚಿಲ್ ನೋಡಿ. ಗಾಳಿಯೂ ಸೇರಿ ಮೈಗೆ ತಾಗುವ ಚಳಿ ಅದು. ಸೊನ್ನೆಗಿಂತ 28 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದರೆ ಅರ್ಧ ಗಂಟೆಯಲ್ಲಿ ತೆರೆದ ಚರ್ಮ ಹೆಪ್ಪುಗಟ್ಟಬಹುದು. ಅಂಥ ದಿನ ಮನೆಯಲ್ಲೇ ಇದ್ದು ಮೆಣಸಿನ ಸಾರು ಮಾಡಿ ಕುಡಿಯಿರಿ.

ಪ್ರಶ್ನೆ: ಮಕ್ಕಳಿಗೆ ಐದು ಮತ್ತು ಒಂಬತ್ತು ವರ್ಷ. ಟ್ಯಾಬ್ಲೆಟ್ ಬಿಟ್ಟು ಏಳುವುದಿಲ್ಲ. ಕಾರ್ಯಕ್ರಮಗಳ ಪಟ್ಟಿ ನೋಡಿದೆ, ಹತ್ತಾರು ಇವೆ. ಅವರಿಗೆ ನಿಜಕ್ಕೂ ಹಿಡಿಸುವುದು ಯಾವುದು?
– ದಾವಣಗೆರೆಯ ತಂದೆ, ಈಗ ಪ್ಲಿಮತ್

ಕರಕುಶಲ ಕ್ಲಾಸುಗಳನ್ನು ಬಿಟ್ಟುಬಿಡಿ. ಪೈನ್ ಕಾಯಿಗೆ ಬಣ್ಣ ಹಚ್ಚುವುದನ್ನು ಮನೆಯಲ್ಲೂ ಮಾಡಬಹುದು. ಹೆಜ್ಜೆ ಗುರುತಿನ ನಡಿಗೆ ಅಂತ ಇದ್ದರೆ ಅದಕ್ಕೆ ಹೆಸರು ಕೊಡಿ, ಸಾಧ್ಯವಾದರೆ ಹೊಸ ಹಿಮ ಬಿದ್ದ ಮಾರನೆಯ ಬೆಳಿಗ್ಗೆ.

ಆ ನಡಿಗೆಯಲ್ಲಿ ಮಕ್ಕಳು ಪತ್ತೇದಾರರಾಗಿಬಿಡುತ್ತಾರೆ. ಮೊಲ ನೆಗೆದಾಗ ಹಿಂಗಾಲು ಮುಂಗಾಲಿಗಿಂತ ಮುಂದೆ ಬೀಳುತ್ತದೆ. ಹಾಗಾಗಿ ದೊಡ್ಡ ಗುರುತು ಇರುವ ಕಡೆಗೇ ಮೊಲ ಹೋಗಿದೆ. ಇದನ್ನು ಹೇಳಿಕೊಡದೆ ಬಿಟ್ಟರೆ ದೊಡ್ಡವರೂ ಉಲ್ಟಾ ದಿಕ್ಕಿನಲ್ಲಿ ಹುಡುಕಿಕೊಂಡು ಹೋಗುತ್ತಾರೆ. ಅಳಿಲೂ ಹಾಗೇ ನೆಗೆಯುತ್ತದೆ, ಆದರೆ ಅದರ ಮುಂಗಾಲುಗಳು ಜೋಡಿಯಾಗಿ ಪಕ್ಕಪಕ್ಕ ಬೀಳುತ್ತವೆ. ಮೊಲದ್ದು ಒಂದರ ಹಿಂದೆ ಒಂದು. ನರಿ ನಡೆದರೆ ದಾರ ಎಳೆದಂತೆ ನೇರ ಸಾಲು, ಹಿಂಗಾಲು ಮುಂಗಾಲಿನ ಗುರುತಿನಲ್ಲೇ ಬೀಳುತ್ತದೆ. ಇಲಿಯ ಹೆಜ್ಜೆಯ ನಡುವೆ ಬಾಲ ಎಳೆದ ಗೆರೆ. ಕೆಲವೊಮ್ಮೆ ಆ ಇಲಿಯ ಸಾಲು ಬಯಲಿನ ಮಧ್ಯೆ ಇದ್ದಕ್ಕಿದ್ದಂತೆ ನಿಂತುಹೋಗಿರುತ್ತದೆ, ಎರಡೂ ಕಡೆ ರೆಕ್ಕೆಯ ಅಚ್ಚು. ಏನಾಯಿತು ಅಂತ ನಿಮ್ಮ ಒಂಬತ್ತು ವರ್ಷದವರೇ ಹೇಳುತ್ತಾರೆ. ಐದು ವರ್ಷದವರಿಗೆ ನೀವು ಹೇಳಬೇಕೋ ಬೇಡವೋ, ಅದು ನಿಮಗೆ ಬಿಟ್ಟದ್ದು.

ಇನ್ನೊಂದು, ಥರ್ಮಾಮೀಟರ್ ಆಟ. ಮಕ್ಕಳ ಕೈಗೆ ಒಂದು ಕೊಟ್ಟು ಮೊದಲು ಗಾಳಿಯಲ್ಲಿ ಹಿಡಿಯಲು ಹೇಳುತ್ತಾರೆ, ಆಮೇಲೆ ಹಿಮದ ತಳದವರೆಗೆ ಇಳಿಸಲು. ಮೇಲೆ ಮೈನಸ್ 15 ಇದ್ದರೂ ಗೇಣುದ್ದಕ್ಕಿಂತ ಜಾಸ್ತಿ ಹಿಮ ಇರುವ ಕಡೆ, ನೆಲದ ಹತ್ತಿರ ಸೊನ್ನೆಯ ಆಸುಪಾಸು ಇರುತ್ತದೆ. ಹಿಮದಲ್ಲಿ ಗಾಳಿ ತುಂಬಿರುವುದರಿಂದ ಅದು ನೆಲದ ಶಾಖವನ್ನು ಹೊರಗೆ ಬಿಡುವುದಿಲ್ಲ. ಆ ತಳದಲ್ಲಿ ವೋಲ್ ಎಂಬ ಗಿಡ್ಡ ಬಾಲದ ಇಲಿಗಳು ಸುರಂಗ ಕೊರೆದುಕೊಂಡು ಚಳಿಗಾಲವಿಡೀ ಓಡಾಡುತ್ತವೆ. ನರಿಗೆ ಅವುಗಳ ಸದ್ದು ಮೇಲಿನಿಂದಲೇ ಕೇಳುತ್ತದೆ. ಮೇಲಕ್ಕೆ ಹಾರಿ ಮೂತಿ ಕೆಳಗೆ ಮಾಡಿ ಹಿಮದೊಳಗೆ ಧುಮುಕುತ್ತದೆ. ಹೊದಿಕೆ ತೆಳುವಾಗುವುದರಿಂದ ಹಿಮ ಕಡಿಮೆ ಬಿದ್ದ ವರ್ಷ ಆ ಇಲಿಗಳಿಗೆ ಕಷ್ಟ ಜಾಸ್ತಿ. ಇಲ್ಲಿ ಬೆಳೆಯುವ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನನ್ನ ಆಸೆ. ಹಿಮ ಅಂದರೆ ಸ್ಕೂಲಿಗೆ ರಜೆ ಅನ್ನುವುದಷ್ಟೇ ಅವರಿಗೆ ಗೊತ್ತು.

ಒಣಗಿದ ಗೋಲ್ಡನ್‌ರಾಡ್ ಗಿಡದ ಕಾಂಡದಲ್ಲಿ ಗೋಲಿಯಂಥ ಗಂಟು ಕಂಡರೆ ತೋರಿಸಿ. ಒಳಗೆ ನೊಣದ ಒಂದು ಮರಿಹುಳು ಮಲಗಿರುತ್ತದೆ. ಗಂಟಿಗೆ ತೂತು ಬಿದ್ದಿದ್ದರೆ ಚಿಕಡೀಯೋ ಮರಕುಟಿಗವೋ ಆಗಲೇ ಊಟ ಮುಗಿಸಿದೆ.

ಪ್ಲಿಮತ್‌ನಿಂದ ನಿಮಗೆ ತ್ರೀ ರಿವರ್ಸ್ ಪಾರ್ಕ್ ಡಿಸ್ಟ್ರಿಕ್ಟ್‌ನ ಈಸ್ಟ್‌ಮನ್ ನೇಚರ್ ಸೆಂಟರ್ ದೂರವಲ್ಲ. ಸೇಂಟ್ ಲೂಯಿಸ್ ಪಾರ್ಕ್‌ನ ವೆಸ್ಟ್‌ವುಡ್ ಹಿಲ್ಸ್ ಕೂಡ ಆಗಬಹುದು. ಶನಿವಾರದ ಜಾಗಗಳು ಬೇಗ ತುಂಬುತ್ತವೆ, ಮೊದಲೇ ಹೆಸರು ಬರೆಸಿ.

ಪ್ರಶ್ನೆ: ಕೆರೆ ಹೆಪ್ಪುಗಟ್ಟಿದೆ. ಮೇಲೆ ನಡೆಯಬಹುದಾ?
– ಬಳ್ಳಾರಿಯ ವಿದ್ಯಾರ್ಥಿ

ಒಬ್ಬನೇ ಹೋಗಬೇಡಪ್ಪ. ಹೊಸ, ಗಟ್ಟಿ, ಪಾರದರ್ಶಕ ಮಂಜುಗಡ್ಡೆ ಕಡಿಮೆಯೆಂದರೆ 4 ಇಂಚು ಇರಬೇಕು ಅಂತ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಬೆಳ್ಳಗಿರುವ ಮಂಜಾದರೆ ಇನ್ನೂ ದಪ್ಪ ಬೇಕು. ಯಾವ ಮಂಜೂ ನೂರಕ್ಕೆ ನೂರು ಸುರಕ್ಷಿತವಲ್ಲ ಅಂತಲೂ ಅವರೇ ಹೇಳುತ್ತಾರೆ. ಸೆಂಟರಿನವರು ಕೊರೆದು ಅಳೆದು ಕರೆದುಕೊಂಡು ಹೋಗುವ ದಿನ ಹೋಗು.

ಪ್ರಶ್ನೆ: ಗೂಬೆ ನಡಿಗೆಗೆ ದುಡ್ಡು ಕೊಟ್ಟು ಹೋದೆವು. ಒಂದೂವರೆ ಗಂಟೆ ಕತ್ತಲಲ್ಲಿ ನಡೆದರೂ ಒಂದು ಗೂಬೆ ಕಾಣಲಿಲ್ಲ. ಅತ್ತೆ ಬೇರೆ, ಅಪಶಕುನ ಹುಡುಕಿಕೊಂಡು ಹೋಗುತ್ತೀರಾ ಅಂತ ಬೈದರು. ಇದು ಮೋಸ ಅಲ್ವಾ?
– ಮೈಸೂರಿನವರು, ಈಗ ಬ್ಲೂಮಿಂಗ್‌ಟನ್

ಅಲ್ಲ. ಗೂಬೆ ಕಾಣದಿರುವುದೇ ಸಾಮಾನ್ಯ. ದನಿ ಕೇಳಿದರೆ ಆ ರಾತ್ರಿ ಗೆದ್ದ ಹಾಗೆ. ಜನವರಿಯಲ್ಲಿ ಯಾಕೆ ಈ ನಡಿಗೆ ಇಡುತ್ತಾರೆ ಗೊತ್ತಾ? ಗ್ರೇಟ್ ಹಾರ್ನ್ಡ್ ಎಂಬ ಕೊಂಬಿನ ಗೂಬೆ ಚಳಿಗಾಲದಲ್ಲೇ ಸಂಸಾರ ಹೂಡುತ್ತದೆ. ಜನವರಿ ಕೊನೆ, ಫೆಬ್ರವರಿಯ ಹೊತ್ತಿಗೆ ಮೊಟ್ಟೆ ಇಟ್ಟು, ಬೆನ್ನ ಮೇಲೆ ಹಿಮ ಬೀಳುತ್ತಿದ್ದರೂ ಏಳದೆ ಒಂದು ತಿಂಗಳು ಕಾವು ಕೂರುತ್ತದೆ. ಮರಿ ಬೆಳೆದು ಬೇಟೆ ಕಲಿಯುವುದಕ್ಕೆ ಬಹಳ ಕಾಲ ಬೇಕು. ಅವು ಕಲಿಯುವ ಹೊತ್ತಿಗೆ ಎಳೆ ಮೊಲ, ಎಳೆ ಇಲಿ ಸಿಗಬೇಕಾದರೆ ಈಗಲೇ ಶುರು ಮಾಡಬೇಕು. ಅದಕ್ಕೇ ಜೋಡಿಗಳು ಈ ತಿಂಗಳುಗಳಲ್ಲಿ ಒಂದಕ್ಕೊಂದು ಕೂಗಿ ಮಾತಾಡುತ್ತವೆ.

ನಿಮ್ಮ ಮಾರ್ಗದರ್ಶಕರು ನಾಲ್ಕೈದು ಸಲ ಗೂಬೆಯ ಹಾಗೆ ಕೂಗಿ ಸುಮ್ಮನಾದರು, ಇನ್ನೂ ಪ್ರಯತ್ನ ಮಾಡಬಹುದಿತ್ತು ಅಂತ ಬರೆದಿದ್ದೀರಿ. ಅವರು ಮಾಡಿದ್ದೇ ಸರಿ. ಮತ್ತೆ ಮತ್ತೆ ಕೂಗಿದರೆ ಗೂಬೆ ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಜಗಳಕ್ಕೆ ಬರುತ್ತದೆ. ಆ ಚಳಿಯಲ್ಲಿ ಅದರ ಶಕ್ತಿ ನಮ್ಮ ಮನರಂಜನೆಗೆ ವ್ಯರ್ಥ ಆಗಬಾರದು. ರೆಕಾರ್ಡಿಂಗ್ ಹಾಕಿಕೊಂಡು ಗಂಟೆಗಟ್ಟಲೆ ಕರೆಯುವವರೂ ಇದ್ದಾರೆ. ಅಂಥವರ ಜೊತೆ ಹೋಗಬೇಡಿ.

ಅತ್ತೆಯವರಿಗೆ ಹೇಳಿ, ಲಕ್ಷ್ಮಿಯ ವಾಹನ ನೋಡಿಕೊಂಡು ಬಂದೆವು ಅಂತ. ಬಂಗಾಳದಲ್ಲಿ ಹಾಗೆಯೇ ಪೂಜಿಸುತ್ತಾರೆ.

ಪ್ರಶ್ನೆ: ಸೆಂಟರಿನಲ್ಲಿ ನೋಡಿ ಬಂದು ನಾವೂ ಫೀಡರ್ ಹಾಕಿದ್ದೇವೆ. ಅಂಗಡಿಯಲ್ಲಿ ಸೂಯೆಟ್ ಎಂಬ ಬಿಲ್ಲೆ ಕೊಟ್ಟರು. ಅದು ದನದ ಕೊಬ್ಬಂತೆ! ಮನೆಯಲ್ಲಿ ಗಲಾಟೆ. ಬದಲಿಗೆ ಉಳಿದ ಅನ್ನ, ಇಡ್ಲಿ ಹಾಕಬಹುದಾ?
– ಉಡುಪಿಯವರು, ಈಗ ವುಡ್‌ಬರಿ

ಹೌದು, ಸೂಯೆಟ್ ಸಾಮಾನ್ಯವಾಗಿ ದನದ ಕೊಬ್ಬೇ. ಮರಕುಟಿಗಗಳಿಗೆ ಅದು ಇಷ್ಟ. ಆದರೆ ಅದಿಲ್ಲದೆ ಅವು ಉಪವಾಸ ಬೀಳುವುದಿಲ್ಲ. ನಿಮಗೆ ಬೇಡವಾದರೆ ಬಿಡಿ. ಉಪ್ಪು ಹಾಕದ, ಹುರಿದ ಕಡಲೆಕಾಯಿ ಬೀಜ ಹಾಕಿ, ಮರಕುಟಿಗ ಅದಕ್ಕೂ ಬರುತ್ತದೆ. ಉಳಿದವಕ್ಕೆಲ್ಲ ಕರಿ ಸಿಪ್ಪೆಯ ಎಣ್ಣೆ ಸೂರ್ಯಕಾಂತಿ ಬೀಜ ಸಾಕು. ಸಿಪ್ಪೆ ತೆಳ್ಳಗೆ, ಕೊಬ್ಬು ಜಾಸ್ತಿ.

ಅನ್ನ, ಇಡ್ಲಿ ಬೇಡ. ಉಪ್ಪಿರುತ್ತದೆ, ಕೊಬ್ಬಿರುವುದಿಲ್ಲ, ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ, ರಾತ್ರಿ ಇಲಿ ಬರುತ್ತದೆ, ಮಾರನೇ ದಿನ ಪಕ್ಕದ ಮನೆಯವರು ಬರುತ್ತಾರೆ. ಕಾಗೆಗೆ ಅನ್ನ ಇಡುವ ನಮ್ಮ ರೂಢಿ ನನಗೂ ಪ್ರೀತಿಯದೇ, ಆದರೆ ಅದು ನಮ್ಮೂರಿನ ಕಾಗೆಗೆ.

ಪ್ರಶ್ನೆ: ಮಗಳು ಸೆಂಟರಿನಿಂದ ಬಂದು, ಇಲ್ಲಿ ಒಂದು ಕಪ್ಪೆ ಚಳಿಗಾಲದಲ್ಲಿ ಕಲ್ಲಾಗಿ ಸತ್ತು, ಬೇಸಿಗೆಗೆ ಮತ್ತೆ ಬದುಕುತ್ತದೆ ಅನ್ನುತ್ತಾಳೆ. ಏನಾದರೂ ಕಥೆ ಕಟ್ಟುತ್ತಿದ್ದಾಳಾ?

ಸಾಯುವುದೊಂದು ಬಿಟ್ಟು ಉಳಿದದ್ದೆಲ್ಲ ನಿಜ. ಅದರ ಹೆಸರು ವುಡ್ ಫ್ರಾಗ್. ತರಗೆಲೆಯ ಕೆಳಗೆ ಮಲಗುತ್ತದೆ. ಮೈಯ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಮಂಜಾಗುತ್ತದೆ, ಹೃದಯ ನಿಲ್ಲುತ್ತದೆ, ಉಸಿರೂ ಇಲ್ಲ. ಹೆಪ್ಪುಗಟ್ಟಲು ಶುರುವಾಗುತ್ತಿದ್ದಂತೆ ಯಕೃತ್ತು ಮೈಗೆಲ್ಲ ಗ್ಲೂಕೋಸ್ ತುಂಬಿಬಿಡುತ್ತದೆ. ಅದರಿಂದ ಜೀವಕೋಶಗಳ ಒಳಗೆ ಮಂಜು ಕಟ್ಟುವುದಿಲ್ಲ. ವಸಂತದಲ್ಲಿ ಕರಗಿ ಎದ್ದು ಮೊದಲು ವಟಗುಟ್ಟುವ ಕಪ್ಪೆಗಳಲ್ಲಿ ಅದೂ ಒಂದು. ಮಗಳ ಕ್ಷಮೆ ಕೇಳಿ.

ಪ್ರಶ್ನೆ: ಊರಿಂದ ನೆಂಟರು ಬರುತ್ತಾರೆ. ಗುಬ್ಬಚ್ಚಿ ಗಾತ್ರದ್ದೆಲ್ಲ ಬೇಡ, ದೊಡ್ಡದೇನಾದರೂ ತೋರಿಸಬೇಕು.

ಮಾಂಟಿಸೆಲ್ಲೋಗೆ ಕರೆದುಕೊಂಡು ಹೋಗಿ. ಅಲ್ಲಿನ ಅಣು ವಿದ್ಯುತ್ ಸ್ಥಾವರದ ಬೆಚ್ಚಗಿನ ನೀರಿನಿಂದ ಮಿಸಿಸಿಪ್ಪಿ ನದಿ ಹೆಪ್ಪುಗಟ್ಟುವುದಿಲ್ಲ. ಸಾವಿರಗಟ್ಟಲೆ ಟ್ರಂಪೆಟರ್ ಹಂಸಗಳು ಸೇರುತ್ತವೆ. 1880ರ ದಶಕದ ಹೊತ್ತಿಗೆ ಇವು ಮಿನೆಸೋಟದಲ್ಲಿ ಇಲ್ಲವೇ ಇಲ್ಲ ಅನ್ನುವಂತಾಗಿತ್ತು. 1960ರ ದಶಕದಲ್ಲಿ ಮರಳಿ ತರುವ ಕೆಲಸ ಶುರು ಮಾಡಿದ್ದು, ಈಗ ತ್ರೀ ರಿವರ್ಸ್ ಅಂತ ಕರೆಸಿಕೊಳ್ಳುವ ಅದೇ ಪಾರ್ಕ್ ಡಿಸ್ಟ್ರಿಕ್ಟ್. ಬಾಲ್ಡ್ ಈಗಲ್ ನೋಡಬೇಕಾದರೆ ವಬಾಶಾದ ನ್ಯಾಷನಲ್ ಈಗಲ್ ಸೆಂಟರ್. ಅಲ್ಲಿಯೂ ನದಿ ಹರಿಯುತ್ತಲೇ ಇರುತ್ತದೆ, ಮೀನಿಗಾಗಿ ಹದ್ದುಗಳು ಬರುತ್ತವೆ.

ಪ್ರಶ್ನೆ: ಮೇಪಲ್ ಸಿರಪ್ ಮಾಡುವುದನ್ನು ತೋರಿಸುತ್ತಾರಂತೆ. ಅದು ಚಳಿಗಾಲದಲ್ಲಾ?
– ಶಿರಸಿಯವರು, ಈಗ ಶಿಕಾಗೋ ಹತ್ತಿರ

ಚಳಿಗಾಲದ ಬಾಲದಲ್ಲಿ. ಫೆಬ್ರವರಿ ಕೊನೆಯಿಂದ ಮಾರ್ಚ್ ಪೂರ್ತಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು ಬೇಕು. ಆಗ ಮರದ ಒಳಗಿನ ಒತ್ತಡ ಏರಿಳಿದು ತೂತಿನಿಂದ ರಸ ತೊಟ್ಟಿಕ್ಕುತ್ತದೆ. ಶಿರಸಿಯವರಾದ ನಿಮಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಅದು ಆಲೆಮನೆಯೇ: ಅಗಲ ಬಾಣಲೆ, ಕೆಳಗೆ ಕಟ್ಟಿಗೆ ಬೆಂಕಿ, ಮೇಲೆ ಸಿಹಿ ಹಬೆ, ಸುತ್ತ ಕಾಯುತ್ತಿರುವ ಮಕ್ಕಳು. ಗಾಣ ಒಂದಿಲ್ಲ ಅಷ್ಟೇ. ಆದರೆ ಕಬ್ಬಿನ ಹಾಲಿನ ಸಿಹಿ ಇದಕ್ಕಿಲ್ಲ. ಮರದಿಂದ ಬರುವ ರಸ ನೀರಿನ ಹಾಗೇ ಇರುತ್ತದೆ, ಸಕ್ಕರೆ ನೂರಕ್ಕೆ ಎರಡು ಭಾಗದಷ್ಟು. ಸುಮಾರು 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಸಿರಪ್. ಅಂಗಡಿಯಲ್ಲಿ ಬೆಲೆ ನೋಡಿ ಬೇಜಾರಾಗುವವರು ಒಂದು ಸಲ ಆ ಒಲೆಯ ಮುಂದೆ ನಿಲ್ಲಬೇಕು.

ಇದನ್ನು ಬಿಳಿಯರು ಬಂದು ಕಲಿಸಿದ್ದಲ್ಲ. ಒಜಿಬ್ವೆ, ಡಕೋಟ ಮುಂತಾದ ಮೂಲನಿವಾಸಿಗಳು ಅದಕ್ಕೂ ಮೊದಲೇ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ. ಒಳ್ಳೆಯ ಸೆಂಟರಾದರೆ ಅಲ್ಲಿಂದಲೇ ಕಥೆ ಶುರು ಮಾಡುತ್ತದೆ. ನಿಮಗೆ ನಾರ್ತ್‌ಬ್ರೂಕ್‌ನ ರಿವರ್ ಟ್ರೇಲ್ ನೇಚರ್ ಸೆಂಟರ್ ಅನುಕೂಲ. ಒಂದು ಡಬ್ಬಿ ನೀರುದೋಸೆ ಒಯ್ಯಿರಿ. ಜೋನಿ ಬೆಲ್ಲ ಹಚ್ಚಿ ತಿಂದ ನಾಲಗೆಗೆ ಇದೂ ಒಗ್ಗುತ್ತದೆ.

ಪ್ರಶ್ನೆ: ಎಲ್ಲಾ ಅಮೆರಿಕದ್ದೇ ಆಯಿತು. ನಮ್ಮ ಗದಗಿನಲ್ಲಿ ಚಳಿಗಾಲಕ್ಕೆ ಏನು ಮಾಡೋಣ ಮೇಡಂ?
– ಒಬ್ಬ ಶಾಲಾ ಮಾಸ್ತರರು

ಮಾಸ್ತರೇ, ನಿಮ್ಮ ಜಿಲ್ಲೆಯಲ್ಲೇ ಮಾಗಡಿ ಕೆರೆ ಇಟ್ಟುಕೊಂಡು ನನ್ನನ್ನು ಕೇಳುತ್ತೀರಾ! ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಶಿರಹಟ್ಟಿ ತಾಲೂಕಿನ ಆ ಕೆರೆಗೆ ಇಳಿಯುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೂ ಆಯಿತು. ಬೆಳಿಗ್ಗೆ ಹೊತ್ತೇರುವ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ.

ಬರೀ ನೋಡಬೇಡಿ, ಎಣಿಸಿ. 1900ರಲ್ಲಿ ಇಲ್ಲಿ ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಟಿಕೊಂಡು ಹಕ್ಕಿ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಫ್ರಾಂಕ್ ಚಾಪ್‌ಮನ್ ಎಂಬವರು ಹೊಡೆಯುವ ಬದಲು ಎಣಿಸೋಣ ಅಂದರು. ಮೊದಲ ವರ್ಷ 27 ಜನ ಎಣಿಸಿದರು. ಇವತ್ತಿಗೂ ಡಿಸೆಂಬರ್ 14ರಿಂದ ಜನವರಿ 5ರವರೆಗೆ ಆ ಎಣಿಕೆ ನಡೆಯುತ್ತದೆ. ನಮ್ಮ ಸೆಂಟರಿನಲ್ಲಿ ಅದೇ ದೊಡ್ಡ ಹಬ್ಬ. ನಿಮಗೆ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಿತ್ತಲ ಹಕ್ಕಿಗಳ ಎಣಿಕೆ, ಭಾರತ 2013ರಿಂದ ಸೇರಿದೆ. ಶಾಲೆಯ ಅಂಗಳದಲ್ಲೇ ನಿಂತು ಕಡಿಮೆಯೆಂದರೆ 15 ನಿಮಿಷ ಎಣಿಸಿ, ಹಕ್ಕಿ ಲೆಕ್ಕ ಬರೆದಿಡುವ ಈಬರ್ಡ್ ಆ್ಯಪ್‌ಗೆ ಹಾಕಿದರೆ ಆಯಿತು. ಕಟ್ಟಡ ಬೇಡ, ಬಾಡಿಗೆ ಸ್ನೋಶೂ ಬೇಡ. ಒಂದೇ ಬೈನಾಕ್ಯುಲರ್ ಇದ್ದರೆ ಸರದಿ ಮಾಡಿ ಕೊಡಿ.

ಪ್ರಶ್ನೆ: ಎಚ್4 ವೀಸಾದಲ್ಲಿದ್ದೇನೆ, ಗಂಡನ ಕೆಲಸದ ವೀಸಾ ಜೊತೆಗೆ ಕೊಡುವ ಅವಲಂಬಿತರ ವೀಸಾ. ನಿಮ್ಮ ಹಾಗೆ ಸ್ವಯಂಸೇವಕಿ ಆಗಬಹುದಾ ಅಕ್ಕಾ?
– ಮಂಡ್ಯದವರು, ಈಗ ಈಡನ್ ಪ್ರೇರಿ

ಯಾವಾಗಲೂ ಸ್ವಯಂಸೇವಕರೇ ಮಾಡುತ್ತ ಬಂದ ಕೆಲಸವನ್ನು ನಗರಸಭೆ ಅಥವಾ ದಾನಸಂಸ್ಥೆ ನಡೆಸುವ ಕಡೆ ಮಾಡಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಸಂಬಳಕ್ಕೆ ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡುವುದು ಬೇರೆ ವಿಷಯ, ಅದಕ್ಕೆ ಹೋಗಬೇಡಿ. ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿ, ನನ್ನನ್ನಲ್ಲ. ಮಕ್ಕಳ ಜೊತೆ ಕೆಲಸ ಇರುವುದರಿಂದ ಹಿನ್ನೆಲೆ ಪರಿಶೀಲನೆ ಮಾಡುತ್ತಾರೆ, ಅದಕ್ಕೆ ಬೇಜಾರು ಪಟ್ಟುಕೊಳ್ಳಬೇಡಿ. ಜನವರಿಯಲ್ಲಿ ಕೇಳಿ, ಜನ ಕಡಿಮೆ ಇರುವ ಕಾಲ ಅದು. ಹಕ್ಕಿ ತೋರಿಸುವ ಕೆಲಸ ಕೊಡುತ್ತಾರೆ ಅಂದುಕೊಂಡು ಹೋಗಬೇಡಿ ಮತ್ತೆ. ಮೊದಲ ಕೆಲವು ವಾರ ಒದ್ದೆ ಸ್ನೋಶೂ ಒರೆಸಿ, ಎಡಗಾಲು ಬಲಗಾಲು ಜೋಡಿ ಮಾಡಿ, ಗೂಟಕ್ಕೆ ನೇತುಹಾಕುವುದೇ ಇರುತ್ತದೆ.